ಸಿಡಿಲು ಹಿಂಡಿದ ಕೊಳವೆ

ಆಸ್ಟ್ರೇಲಿಯಾದ ಹಾರ್ಟ್‌ಲಿ ವೇಲ್ ಎಂಬಲ್ಲಿ ಸೀಮೆಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯೊಂದಿತ್ತು. ಅದರ ಮಿಂಚುವಾಹಕಕ್ಕೆ ಒಮ್ಮೆ ಸಿಡಿಲು ಬಡಿಯಿತು. ತಾಮ್ರದ ಆ ಟೊಳ್ಳು ಕೊಳವೆ, ಯಾರೋ ಮುಷ್ಟಿಯಲ್ಲಿ ಹಿಡಿದು ಹಿಂಡಿದಂತೆ ಒಳಕ್ಕೆ ಕುಗ್ಗಿಹೋಗಿತ್ತು. 1905ರಲ್ಲಿ ಅದನ್ನು ಪರೀಕ್ಷಿಸಿದ ಪೊಲಾಕ್ ಮತ್ತು ಬಾರಾಕ್ಲೊ ಎಂಬ ವಿಜ್ಞಾನಿಗಳು, ಸಿಡಿಲಿನ ವಿದ್ಯುತ್ ಪ್ರವಾಹ ಉಂಟುಮಾಡಿದ ಕಾಂತಕ್ಷೇತ್ರವೇ ಕೊಳವೆಯನ್ನು ಹಿಂಡಿದೆ ಎಂದು ತೀರ್ಮಾನಿಸಿದರು. ಇದೇ ‘ಪಿಂಚ್ ಪರಿಣಾಮ’.

ತಾಮ್ರವನ್ನೇ ಹಿಂಡಬಲ್ಲ ಕಾಂತಕ್ಷೇತ್ರಕ್ಕೆ ಅನಿಲವನ್ನು ಹಿಂಡಲು ಸಾಧ್ಯವೆ? ಸಾಮಾನ್ಯ ಅನಿಲವನ್ನಾದರೆ ಇಲ್ಲ. ಅದರಲ್ಲಿ ವಿದ್ಯುತ್ ಹರಿಯದು. ಆದರೆ ಅನಿಲವನ್ನು ಅತಿಯಾಗಿ ಕಾಯಿಸಿದಾಗ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಡುತ್ತವೆ. ದ್ರವ್ಯದ ಈ ನಾಲ್ಕನೆಯ ಸ್ಥಿತಿಯೇ ಪ್ಲಾಸ್ಮಾ. ಅದು ಒಳ್ಳೆಯ ವಿದ್ಯುದ್ವಾಹಕ.

ಪ್ಲಾಸ್ಮಾ ತುಂಬಿದ ಗಾಜಿನ ಕೊಳವೆಯ ಸುತ್ತ ತಾಮ್ರದ ಸುರುಳಿಯನ್ನಿಟ್ಟು, ಕೆಪಾಸಿಟರುಗಳಲ್ಲಿ ಕೂಡಿಟ್ಟ ವಿದ್ಯುತ್ತನ್ನು ಅದರ ಮೂಲಕ ಒಮ್ಮೆಲೇ ಹರಿಸಿದರೆ, ಸೆಕೆಂಡಿನ ಕೆಲವೇ ದಶಲಕ್ಷಾಂಶಗಳಲ್ಲಿ ಕಾಂತಕ್ಷೇತ್ರ ಏರಿಬಿಡುತ್ತದೆ. ಲೆಂಜ್ ನಿಯಮದಂತೆ, ಪ್ಲಾಸ್ಮಾದ ಹೊರಮೈಯಲ್ಲಿ ಸುರುಳಿಯದಕ್ಕೆ ವಿರುದ್ಧ ದಿಕ್ಕಿನ ಪ್ರವಾಹ ಹುಟ್ಟುತ್ತದೆ. ವಿರುದ್ಧ ಪ್ರವಾಹಗಳು ಒಂದನ್ನೊಂದು ತಳ್ಳುವುದರಿಂದ ಪ್ಲಾಸ್ಮಾ ನಡುವಿಗೆ ಒತ್ತಲ್ಪಡುತ್ತದೆ. ಸೈಕಲ್ ಪಂಪಿನೊಳಗಿನ ಗಾಳಿಯಂತೆ ಬಿಸಿಯೇರುತ್ತದೆ. ಕಾಂತಕ್ಷೇತ್ರ ನಿಧಾನವಾಗಿ ಏರಿದರೆ ಪ್ಲಾಸ್ಮಾದೊಳಕ್ಕೇ ನುಸುಳಿಬಿಡುತ್ತದೆ, ಹಿಂಡುವ ಕೆಲಸ ಕೆಡುತ್ತದೆ. ಮಿಡಿತ ಬೇಕಾಗುವುದು ಇದಕ್ಕಾಗಿ.

ಈ ಶ್ರಮವೆಲ್ಲ ಯಾಕೆ? ಸೂರ್ಯನಲ್ಲಿ ನಡೆಯುವಂಥ ಬೀಜ ಸಮ್ಮಿಲನ ಭೂಮಿಯ ಮೇಲೆ ನಡೆಯಬೇಕಾದರೆ ಕೋಟಿಗಟ್ಟಲೆ ಡಿಗ್ರಿ ಉಷ್ಣತೆ ಬೇಕು. ಅಷ್ಟು ಬಿಸಿಯನ್ನು ತಡೆಯುವ ಪಾತ್ರೆಯಿಲ್ಲ. ಕಾಂತಕ್ಷೇತ್ರವೇ ಅಲ್ಲಿ ಪಾತ್ರೆಯಾಗಬೇಕು.

1958ರ ಜನವರಿಯಲ್ಲಿ ಬ್ರಿಟನ್ನಿನ ಹಾರ್ವೆಲ್‌ನಲ್ಲಿದ್ದ ‘ಜೀಟಾ’ ಯಂತ್ರದಲ್ಲಿ ಸಮ್ಮಿಲನ ಸಾಧಿಸಿತೆಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಡ್ಯೂಟೀರಿಯಂ ಪ್ಲಾಸ್ಮಾದಿಂದ ನ್ಯೂಟ್ರಾನುಗಳು ಹೊರಬಂದಿದ್ದವು. ಆದರೆ ಪ್ಲಾಸ್ಮಾ ಡೊಂಕಾಗಿ ಅಸ್ಥಿರವಾದಾಗ ವೇಗ ಪಡೆದ ಕೆಲವೇ ಕಣಗಳು ಅವುಗಳಿಗೆ ಕಾರಣವೆಂದು ಅಲ್ಲಿಯವರೇ ಪರೀಕ್ಷಿಸಿ ಕಂಡುಕೊಂಡರು. ಕೆಲವೇ ತಿಂಗಳಲ್ಲಿ ಹೇಳಿಕೆ ಹಿಂದೆ ಪಡೆಯಲಾಯಿತು. ಜಗತ್ತೇ ನೋಡುತ್ತಿರುವಾಗ ಹೀಗೆ ಮಾಡಲು ಧೈರ್ಯ ಬೇಕು.

ಅದೇ ವರ್ಷ ಅಮೆರಿಕದ ಲಾಸ್ ಅಲಮೋಸ್‌ನ ‘ಸಿಲ್ಲಾ’ ಯಂತ್ರ, ಮೇಲೆ ಹೇಳಿದ ಸುರುಳಿಯ ವಿಧಾನದಲ್ಲೇ ಪ್ಲಾಸ್ಮಾವನ್ನು ಒಂದು ಕೋಟಿ ಡಿಗ್ರಿಗೂ ಮೀರಿ ಕಾಯಿಸಿತು. ಈ ಬಾರಿಯ ಸಮ್ಮಿಲನ ನಿಜವಾದದ್ದು. ಆದರೆ ಕೊಳವೆಯ ಎರಡೂ ತುದಿಗಳಿಂದ ಪ್ಲಾಸ್ಮಾ ಸೋರಿಹೋಗುತ್ತಿತ್ತು.

ಸೋರದಂತೆ ಕೊಳವೆಯನ್ನೇ ಬಳೆಯಾಗಿ ಬಾಗಿಸಿದರೆ? ‘ಟೋಕಮಾಕ್’ ಯಂತ್ರದ ಆಕಾರ ಅಂಥದ್ದು. ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ಕೆಲಸ ಆರಂಭಿಸಿದ ‘ಆದಿತ್ಯ’ ಈ ಬಗೆಯದು. ಹಿಂಡುವ ವಿಧಾನವೂ ಮೂಲೆ ಸೇರಿಲ್ಲ. ಅಮೆರಿಕದ ಸಾಂಡಿಯಾ ಪ್ರಯೋಗಾಲಯದ ‘ಜೆಡ್’ ಯಂತ್ರ ಎರಡು ಕೋಟಿ ಆಂಪೇರಿಗೂ ಮಿಕ್ಕ ಪ್ರವಾಹವನ್ನು ಕ್ಷಣಾರ್ಧಕ್ಕೂ ಕಡಿಮೆ ಕಾಲ ಹರಿಸಿ ಪ್ಲಾಸ್ಮಾವನ್ನು ಹಿಂಡುತ್ತದೆ.

ಎರಡು ದಶಕಗಳಲ್ಲಿ ಸಮ್ಮಿಲನ ಶಕ್ತಿಯನ್ನು ಹತೋಟಿಗೆ ತರುವ ದಾರಿ ಸಿಕ್ಕೀತೆಂದು 1955ರಲ್ಲಿ ಜಿನೀವಾ ಸಮ್ಮೇಳನದ ಅಧ್ಯಕ್ಷರಾಗಿದ್ದ ಹೋಮಿ ಭಾಭಾ ನುಡಿದಿದ್ದರು. ಏಳು ದಶಕಗಳಾದರೂ ಅದರಿಂದ ಯಾವ ಮನೆಯ ದೀಪವೂ ಉರಿದಿಲ್ಲ. ಅಂಕಗಳಿಗಾಗಿ ಲೆಂಜ್ ನಿಯಮವನ್ನು ಬಾಯಿಪಾಠ ಮಾಡುತ್ತಿರುವ ಮಕ್ಕಳಿಗೆ ಇನ್ನೂ ಕೆಲಸ ಬಾಕಿಯಿದೆ.