ಹಿಮದ ಹಾದಿಯಲ್ಲಿ ಬಕ್: ಬದುಕುಳಿಯುವ ವಿದ್ಯೆಯ ಕಥೆ



ಸಾಹಸ ಕಾದಂಬರಿ ಎಂದೊಡನೆ ಶೌರ್ಯ, ಬಲ, ಅಪಾಯ ಇವು ನಮ್ಮ ಕಣ್ಮುಂದೆ ಬರುತ್ತವೆ. ಆದರೆ ಕಾಡಿನಲ್ಲಿ, ಹಿಮದಲ್ಲಿ ಸಿಲುಕಿದ ಜೀವಿಯನ್ನು ಉಳಿಸುವುದು ಬಲವೊಂದೇ ಅಲ್ಲ, ತಿಳಿವಳಿಕೆ ಎಂಬುದನ್ನು ಮನಗಾಣಿಸುವ ಒಂದು ಕಾದಂಬರಿಯಿದೆ. ಅದು ಅಮೆರಿಕದ ಲೇಖಕ ಜಾಕ್ ಲಂಡನ್ 1903ರಲ್ಲಿ ಪ್ರಕಟಿಸಿದ ‘ದಿ ಕಾಲ್ ಆಫ್ ದಿ ವೈಲ್ಡ್’, ಎಂದರೆ ‘ಕಾಡಿನ ಕರೆ’. ಇದರ ನಾಯಕ ಮನುಷ್ಯನಲ್ಲ, ಬಕ್ ಎಂಬ ನಾಯಿ. ಮೊದಲು ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಈ ಕಥೆಯನ್ನು ಅಂದಿನಿಂದಲೂ ಕಿರಿಯರು ಹಿರಿಯರೆನ್ನದೆ ಎಲ್ಲರೂ ಓದುತ್ತ ಬಂದಿದ್ದಾರೆ.

ಕಥೆಯ ಹಿನ್ನೆಲೆಯನ್ನು ಮೊದಲು ನೋಡೋಣ. 1896ರ ಆಗಸ್ಟ್‌ನಲ್ಲಿ ಕೆನಡಾದ ಯೂಕಾನ್ ಪ್ರಾಂತದ ಕ್ಲಾಂಡೈಕ್ ನದಿಯ ಬಳಿ ಚಿನ್ನ ಸಿಕ್ಕಿತು. ಮರುವರ್ಷ ಆ ಸುದ್ದಿ ಹೊರಜಗತ್ತಿಗೆ ಮುಟ್ಟಿದಾಗ ಸುಮಾರು 1 ಲಕ್ಷ ಜನ ಅತ್ತ ಹೊರಟರೆಂದು ಅಂದಾಜು. ರೈಲಿಲ್ಲ, ರಸ್ತೆಯಿಲ್ಲ, ಚಳಿಗಾಲದಲ್ಲಿ ನದಿಗಳೂ ಹೆಪ್ಪುಗಟ್ಟುತ್ತವೆ. ಆಗ ಸಾಮಾನು, ಅಂಚೆ ಎಲ್ಲವನ್ನೂ ಸಾಗಿಸಲು ಇದ್ದ ಮುಖ್ಯ ವಾಹನ ನಾಯಿಗಳು ಎಳೆಯುವ, ಚಕ್ರವಿಲ್ಲದ ಹಿಮಬಂಡಿ. ಹೀಗಾಗಿ ಗಟ್ಟಿಮುಟ್ಟಾದ ನಾಯಿಗಳಿಗೆ ಎಲ್ಲಿಲ್ಲದ ಬೆಲೆ ಬಂದಿತು.

ಜಾಕ್ ಲಂಡನ್ ಕೂಡ 1897ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಚಿನ್ನ ಹುಡುಕಿಕೊಂಡು ಅಲ್ಲಿಗೆ ಹೋದವನೇ. ಒಂದು ಚಳಿಗಾಲವನ್ನು ಕಳೆದು, ಹಸಿರು ಆಹಾರವಿಲ್ಲದೆ ಸ್ಕರ್ವಿ ರೋಗ ಹತ್ತಿಸಿಕೊಂಡು 1898ರಲ್ಲಿ ಹಿಂತಿರುಗಿದ. ಚಿನ್ನ ಕೈಗೆ ಹತ್ತಲಿಲ್ಲ, ಕಥೆಗಳು ಹತ್ತಿದವು. ಅಲ್ಲಿ ಪರಿಚಯವಾದ ಬಾಂಡ್ ಸಹೋದರರ ನಾಯಿಯೇ ಬಕ್‌ಗೆ ಮಾದರಿ.

ಬಕ್ ಬೆಳೆದದ್ದು ಬೆಚ್ಚನೆಯ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರ ಮನೆಯಲ್ಲಿ. ತೂಕ ಸುಮಾರು 64 ಕಿಲೋ. ಜೂಜಿನ ಚಟವಿದ್ದ ಕೆಲಸದಾಳೊಬ್ಬ ಅದನ್ನು ಗುಟ್ಟಾಗಿ ಮಾರಿಬಿಡುತ್ತಾನೆ. ಉತ್ತರದ ಹಿಮದಲ್ಲಿ ಮೊದಲ ರಾತ್ರಿ ಬಕ್‌ಗೆ ಮಲಗಲು ಜಾಗವೇ ತಿಳಿಯುವುದಿಲ್ಲ. ಜೊತೆಯ ನಾಯಿಗಳೆಲ್ಲ ಎಲ್ಲಿ ಮಾಯವಾದವೆಂದು ಹುಡುಕಿದರೆ, ಅವು ಹಿಮದಡಿಯಲ್ಲಿ ಗುಂಡಿ ತೋಡಿ ಮುದುಡಿ ಮಲಗಿರುತ್ತವೆ! ಇದರಲ್ಲಿ ವಿಜ್ಞಾನವಿದೆ. ಸಡಿಲವಾದ ಹಿಮದ ಹರಳುಗಳ ನಡುವೆ ಗಾಳಿ ಸೆರೆಯಾಗಿರುತ್ತದೆ. ಗಾಳಿ ಶಾಖವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ಆದ್ದರಿಂದ ಹಿಮವೇ ಕಂಬಳಿಯಾಗುತ್ತದೆ. ಕಾಲ್ಬೆರಳ ಸಂದಿಯಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಹಲ್ಲಿನಿಂದ ಕಿತ್ತುಹಾಕುವುದನ್ನೂ, ಹೆಪ್ಪುಗಟ್ಟಿದ ನೀರನ್ನು ಮುಂಗಾಲಿನಿಂದ ಒಡೆದು ಕುಡಿಯುವುದನ್ನೂ ಬಕ್ ಒಂದೊಂದಾಗಿ ಕಲಿಯುತ್ತದೆ. ಅಂಚೆ ಸಾಗಿಸುವ ಪೆರೋ ಮತ್ತು ಫ್ರಾನ್ಸ್ವಾ ಎಂಬ ಅದರ ಒಡೆಯರೂ ಕೆಲಸ ಬಲ್ಲವರು. ಬಕ್‌ನ ಮೆತ್ತನೆಯ ಪಾದಗಳು ನೋಯುತ್ತಿರುವುದನ್ನು ಕಂಡು ಫ್ರಾನ್ಸ್ವಾ ತನ್ನ ಪಾದರಕ್ಷೆಯ ಚರ್ಮವನ್ನೇ ಕತ್ತರಿಸಿ ಅದಕ್ಕೆ ನಾಲ್ಕು ಕಾಲ್ಚೀಲ ಮಾಡಿಕೊಡುತ್ತಾನೆ.

ಇದಕ್ಕೆ ನೇರ ವಿರುದ್ಧವಾದವರು ಮುಂದೆ ಬಕ್‌ನನ್ನು ಕೊಳ್ಳುವ ಹಾಲ್, ಚಾರ್ಲ್ಸ್ ಮತ್ತು ಮರ್ಸಿಡಿಸ್. ಅವರು ಕೆಟ್ಟವರೆನ್ನುವುದಕ್ಕಿಂತ ಅರಿಯದವರು. ಅರಿಯದಿರುವುದನ್ನು ಒಪ್ಪದವರು. ಬಂಡಿಯ ಮೇಲೆ ಬೇಡದ ಸಾಮಾನು ಹೇರುತ್ತಾರೆ; ಎಳೆಯಲಾಗದಿದ್ದಾಗ ಇನ್ನೂ ನಾಯಿಗಳನ್ನು ಕೊಂಡು 14 ಮಾಡಿಕೊಳ್ಳುತ್ತಾರೆ. ಇಲ್ಲಿ ನಾವೇ ಒಂದು ಲೆಕ್ಕ ಹಾಕಬಹುದು. ಒಂದು ನಾಯಿಗೆ ದಿನಕ್ಕೆ ಅರ್ಧ ಕಿಲೋ ಒಣಮೀನು ಎಂದರೂ 14 ನಾಯಿಗಳಿಗೆ 7 ಕಿಲೋ. 60 ದಿನಗಳಿಗೆ 420 ಕಿಲೋ! ನಾಯಿಗಳು ಹೆಚ್ಚಿದಂತೆ ಅವು ತಮ್ಮ ಊಟದ ಭಾರವನ್ನೇ ಎಳೆಯಬೇಕಾಗುತ್ತದೆ. ಒಂದೇ ಬಂಡಿಯಲ್ಲಿ ಅಷ್ಟು ಆಹಾರ ಹಿಡಿಸುವುದಿಲ್ಲ. ಸಾಲದೆಂಬಂತೆ ನಾಯಿಗಳು ಸೊರಗಿವೆಯೆಂದು ಹಾಲ್ ಮೊದಲು ಎರಡರಷ್ಟು ಆಹಾರ ಹಾಕುತ್ತಾನೆ. ದಾರಿ ಕಾಲು ಭಾಗ ಸವೆಯುವಷ್ಟರಲ್ಲಿ ಆಹಾರ ಅರ್ಧ ಮುಗಿದಿರುತ್ತದೆ. ಬಳಿಕ ಉಪವಾಸ, ಚಾವಟಿ, ಸಾವು.

ವಸಂತ ಬಂದಾಗ ಉಳಿದವು ಐದೇ ನಾಯಿಗಳು. ನದಿಯ ಮಂಜುಗಡ್ಡೆಯನ್ನು ಮೇಲಿನಿಂದ ಬಿಸಿಲು, ಕೆಳಗಿನಿಂದ ಹರಿಯುವ ನೀರು ತಿನ್ನುತ್ತಿರುತ್ತವೆ. ನೋಡಲು ಗಟ್ಟಿ, ಒಳಗೆ ಟೊಳ್ಳು. ಮುಂದೆ ಹೋಗಬೇಡಿರೆಂದು ಜಾನ್ ಥಾರ್ನ್‌ಟನ್ ಎಂಬ ಅನುಭವಿ ಎಚ್ಚರಿಸುತ್ತಾನೆ. ಅವರು ಕೇಳುವುದಿಲ್ಲ. ಅಪಾಯವನ್ನು ಗ್ರಹಿಸಿದ ಬಕ್ ಎಷ್ಟು ಹೊಡೆದರೂ ಏಳುವುದಿಲ್ಲ. ಥಾರ್ನ್‌ಟನ್ ಅದನ್ನು ಬಿಡಿಸಿಕೊಳ್ಳುತ್ತಾನೆ. ತುಸು ದೂರ ಸಾಗಿದ ಬಂಡಿ, ಜನ, ನಾಯಿಗಳ ಸಮೇತ ನದಿಯ ಪಾಲಾಗುತ್ತದೆ. ಅವರನ್ನು ಕೊಂದದ್ದು ನಿಸರ್ಗದ ಕೋಪವಲ್ಲ. ನಿಸರ್ಗಕ್ಕೆ ಕೋಪವೂ ಇಲ್ಲ, ಕರುಣೆಯೂ ಇಲ್ಲ, ಅದಕ್ಕೆ ನಿಯಮಗಳಿವೆ.

ಕಾದಂಬರಿಯ ಪ್ರಸಿದ್ಧ ಪಂದ್ಯದಲ್ಲೂ ಇದೇ ಮಾತು ನಿಜ. ಸುಮಾರು 450 ಕಿಲೋ ಹಿಟ್ಟಿನ ಮೂಟೆಗಳಿದ್ದ ಬಂಡಿಯನ್ನು ಬಕ್ ಒಂದೇ ಎಳೆಯಬೇಕು. ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಬಂಡಿಯ ಜಾರುಪಟ್ಟಿಗಳು ನೆಲದ ಹಿಮಕ್ಕೆ ಅಂಟಿಕೊಂಡಿರುತ್ತವೆ. ಥಾರ್ನ್‌ಟನ್ ನೇರವಾಗಿ ಎಳೆಯಲು ಹೇಳುವುದಿಲ್ಲ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಜಗ್ಗಿಸಿ ಅಂಟನ್ನು ಬಿಡಿಸುತ್ತಾನೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಚಲಿಸುವ ವಸ್ತುವನ್ನು ಎಳೆಯಲು ಬೇಕಾದ ಬಲಕ್ಕಿಂತ ಹೆಚ್ಚು ಎಂದು ಭೌತಶಾಸ್ತ್ರದಲ್ಲಿ ಓದಿದ್ದೀರಲ್ಲವೇ? ಬಕ್‌ನ ಬಲದೊಡನೆ ಯುಕ್ತಿಯೂ, ಒಡೆಯನ ಮೇಲಿನ ಪ್ರೀತಿಯೂ ಸೇರಿ ಬಂಡಿ ಕದಲುತ್ತದೆ.

ಈ ಕೃತಿಯನ್ನು ವಿವೇಚನೆಯಿಂದ ಓದುವುದೂ ಅಗತ್ಯ. ಪ್ರಾಣಿಗಳಿಗೆ ಮನುಷ್ಯರ ಮನಸ್ಸನ್ನು ಹಚ್ಚುವ ಲೇಖಕರ ಸಾಲಿನಲ್ಲಿ ಲಂಡನ್‌ನನ್ನೂ ಸೇರಿಸಿ 1907ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಟೀಕಿಸಿದ್ದರು. ಕೊನೆಯಲ್ಲಿ ಬರುವ ಯೀಹಾಟ್ ಬುಡಕಟ್ಟು ಕೇವಲ ಕಲ್ಪನೆ. ಆ ನೆಲದ ಮೂಲನಿವಾಸಿಗಳನ್ನು ಬರಿಯ ಕ್ರೂರಿಗಳಂತೆ ಚಿತ್ರಿಸಿರುವುದು ಒಂದು ಕೊರತೆಯೇ. ಹಿಮದಲ್ಲಿ ಬಾಳುವ ವಿದ್ಯೆಯನ್ನು ಚಿನ್ನದ ಬೇಟೆಗಾರರಿಗಿಂತ ಬಹು ಹಿಂದೆಯೇ ಕರಗತ ಮಾಡಿಕೊಂಡಿದ್ದವರು ಅವರು.

ನೀವು ಈ ಪುಸ್ತಕವನ್ನು ಓದುವಾಗ ಪ್ರತಿ ಅಧ್ಯಾಯದ ಕೊನೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಬಕ್ ಏನನ್ನು ಹೊಸದಾಗಿ ಕಲಿಯಿತು, ಕಲಿಯದಿದ್ದರೆ ಏನಾಗುತ್ತಿತ್ತು? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಹಾಲ್ ಮಾಡಿದ ತಪ್ಪುಗಳ ಪಟ್ಟಿಯನ್ನು ಪಕ್ಕದಲ್ಲಿಡಿ. ಬದುಕಿದವರಿಗೂ ಮುಳುಗಿದವರಿಗೂ ಇದ್ದ ಅಂತರ ಆ ಎರಡು ಪಟ್ಟಿಗಳಲ್ಲಿ ಕಾಣಿಸುತ್ತದೆ.