ಕೋಣ ಯಾರದು, ಓಟ ಯಾರದು?

ಪ್ರಶ್ನೆ: ಕಾರ್ಖಾನೆ, ಕ್ಲಬ್ಬುಗಳು ಬರುವ ಮೊದಲು ಆಟಕ್ಕಿಳಿಯುವ ಅವಕಾಶ ಎಲ್ಲರಿಗೂ ಇತ್ತೇ?
– ಓದುಗರು, ಡೊಂಬಿವಲಿ

ಉತ್ತರ: ಇರಲಿಲ್ಲ. ಯಾರು ಯಾವ ಆಟ ಆಡಬೇಕೆಂಬುದನ್ನು ಜಮೀನು, ಜಾತಿ, ಬೇಸಾಯದ ಬಿಡುವು ತೀರ್ಮಾನಿಸುತ್ತಿದ್ದವು. ನಿಮ್ಮ ಕಲ್ಯಾಣದ ಸುತ್ತಲಿನ ಹಳ್ಳಿಗಳ ಎತ್ತಿನಗಾಡಿ ಓಟದಲ್ಲಿ ಎತ್ತು ಸಾಕುವ ತಾಕತ್ತಿದ್ದವನೇ ಸ್ಪರ್ಧಿ. ನಿಮ್ಮೂರಿನ ತುಳು, ಕನ್ನಡ ಮನೆಗಳವರಿಗೆ ಗೊತ್ತಿರುವ ಕರಾವಳಿಯ ಕಂಬಳದಲ್ಲಿ, ಅಂದರೆ ಕೆಸರುಗದ್ದೆಯ ಕೋಣಗಳ ಓಟದಲ್ಲಿ, ಇದು ಇನ್ನೂ ಸ್ಪಷ್ಟ. ಓಟದ ಕೋಣಗಳಿಗೆ ವರ್ಷವಿಡೀ ಹುರುಳಿ ಬೇಯಿಸಿ ಹಾಕಬೇಕು, ಮೈಗೆ ಎಣ್ಣೆ ತಿಕ್ಕಬೇಕು. ಅದು ಗುತ್ತು, ಬೀಡು ಎಂಬ ದೊಡ್ಡ ಮನೆತನಗಳ ಜಮೀನ್ದಾರರಿಗೇ ಸಾಧ್ಯವಿತ್ತು. ಕೆಸರಲ್ಲಿ ಓಡುತ್ತಿದ್ದವರು ಹೆಚ್ಚಾಗಿ ಒಕ್ಕಲುಗಳು, ಆಳುಗಳು. ಗೆದ್ದ ಹೆಸರು ಮಾತ್ರ ಯಜಮಾನರ ಮನೆಗೆ. ಕೊರಗ ಸಮುದಾಯದವರನ್ನಂತೂ ಕಂಬಳದ ಹಿಂದಿನ ರಾತ್ರಿಯಿಡೀ ಡೋಲು ಬಡಿಯಲು ನಿಲ್ಲಿಸಿ, ಕೋಣಗಳಿಗಿಂತ ಮೊದಲು ಕರೆಯಲ್ಲಿ (ಓಟದ ಗದ್ದೆಯಲ್ಲಿ) ಓಡಿಸುತ್ತಿದ್ದರು. ಅವರನ್ನು ಹೀಗೆ ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ 2000ದ ಕಾಯ್ದೆಯಿಂದ ನಿಷೇಧಿಸಿತು.

1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟ ಮೇಲೆ ಗುತ್ತುಗಳ ಹಿಡಿತ ಸಡಿಲವಾಯಿತು. 2020ರಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಕಟ್ಟಡ ಕಾರ್ಮಿಕ ಶ್ರೀನಿವಾಸ ಗೌಡರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಓಡುವವರ ಹೆಸರು ಮುಂದೆ ಬರಲು ಇಷ್ಟು ಕಾಲ ಬೇಕಾಯಿತು. ಹಳೆಯ ಆಟಗಳನ್ನು ಉಳಿಸಬೇಕೆನ್ನುವ ನಾವು ಓಡುವವರ ಸಂಭಾವನೆ, ವಿಮೆ, ಗೌರವದ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.