ಪರೀಕ್ಷೆಯಿಲ್ಲದ ಎರಡು ಗಂಟೆ

ಬಾಗಿಲ ಬಳಿಯ ಕಪ್ಪು ಕಾಲೊರಸನ್ನು ಯಾರೋ ಸುತ್ತಿ ಗೋಡೆಗೆ ಆನಿಸಿಟ್ಟಿದ್ದರು. ಹೊರಗೆ ಮಳೆ, ಎಲ್ಲರ ಬೂಟಿಗೂ ಕೆಸರು. ಇಂಥ ದಿನ ಕಾಲೊರಸನ್ನೇಕೆ ಎತ್ತಿಟ್ಟಿರಿ ಎಂದು ಕೇಳಿದೆ. ಕೆಲವರ ಕಣ್ಣಿಗೆ ಅದು ನೆಲದಲ್ಲಿ ತೋಡಿದ ಗುಂಡಿಯಂತೆ ಕಾಣುತ್ತದೆ, ಕಾಲಿಡಲು ಹೆದರುತ್ತಾರೆ ಎಂದರು ಸ್ವಯಂಸೇವಕಿ. ದೊಡ್ಡಪ್ಪ ಅಲ್ಲೇ ನಿಂತುಬಿಟ್ಟರು. ಮನೆಯಲ್ಲಿ ಬಚ್ಚಲ ಮುಂದಿನ ಕಪ್ಪು ಮ್ಯಾಟ್ ಕಂಡರೆ ದೊಡ್ಡಮ್ಮ ಯಾಕೆ ಹೆಜ್ಜೆ ಕೀಳುವುದಿಲ್ಲ ಎಂಬ ಎರಡು ವರ್ಷದ ಜಗಳಕ್ಕೆ ಉತ್ತರ ಹೊಸ್ತಿಲಲ್ಲೇ ಸಿಕ್ಕಿತ್ತು.

ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸಣ್ಣ ಊರಿನ ಚರ್ಚ್ ಹಾಲ್. ತಿಂಗಳಿಗೊಮ್ಮೆ ಅಲ್ಲಿ ಎರಡು ಗಂಟೆ ಡಿಮೆನ್ಷಿಯಾ ಕೆಫೆ, ಅಂದರೆ ಮರೆವಿನ ಕಾಯಿಲೆಯವರೂ ಅವರ ಮನೆಯವರೂ ಸೇರುವ ಜಾಗ. ನನ್ನ ದೊಡ್ಡಮ್ಮ ಮೈಸೂರಿನ ಅಗ್ರಹಾರದವಳು. 1974ರಲ್ಲಿ ಡಾಕ್ಟರ್ ಗಂಡನ ಜೊತೆ ಈ ದೇಶಕ್ಕೆ ಬಂದಳು. ಕೆಫೆಗೆ ಕರೆ ಬಂದು ವರ್ಷವಾಗಿದ್ದರೂ ದೊಡ್ಡಪ್ಪ ತಪ್ಪಿಸಿಕೊಳ್ಳುತ್ತಲೇ ಇದ್ದರು. ಜೀವಮಾನವೆಲ್ಲ ಊರವರ ಕಾಯಿಲೆ ನೋಡಿದವರಿಗೆ ತಮ್ಮ ಮನೆಯ ಕಾಯಿಲೆಯನ್ನು ಊರವರು ನೋಡುವುದು ಸಂಕಟ. ರಜೆಗೆಂದು ಹೋದ ನಾನು ಹಟ ಹಿಡಿದು ಇಬ್ಬರನ್ನೂ ಹೊರಡಿಸಿದೆ.

ಒಳಗೆ ಕಾಲಿಟ್ಟೊಡನೆ ಎಲ್ಲರ ಎದೆಗೂ ದಪ್ಪಕ್ಷರದ ಹೆಸರಿನ ಚೀಟಿ ಅಂಟಿಸಿದರು. ಕಾಯಿಲೆಯವರಿಗೆ ಮಾತ್ರವಲ್ಲ, ನನಗೂ, ದೊಡ್ಡಪ್ಪನಿಗೂ, ಚಹಾ ಬಗ್ಗಿಸುವವರಿಗೂ. ಆಗ ನನಗೆ ಮುಖ ಎತ್ತಲಾಗಲಿಲ್ಲ. ಏಕೆಂದರೆ ಮೂರು ದಿನ ಹಿಂದೆ ಬಂದಿಳಿದವಳೇ ನಾನು ಮಾಡಿದ ಮೊದಲ ಕೆಲಸ, ದೊಡ್ಡಮ್ಮನ ಕೈ ಹಿಡಿದು "ನಾನು ಯಾರು ಹೇಳು ನೋಡೋಣ?" ಎಂದು ಕೇಳಿದ್ದು. ಮಗ್ಗಿ ಮರೆತು ಮೇಷ್ಟ್ರ ಮುಂದೆ ನಿಂತ ಹುಡುಗಿಯ ಹಾಗೆ ಅವಳ ಮುಖ ಚಿಕ್ಕದಾಗಿತ್ತು.

ಮೇಜಿನ ಮೇಲೆ ಕೇಕು, ಗಾಜಿನ ಲೋಟದಲ್ಲಿ ಡ್ಯಾಫೊಡಿಲ್ ಹೂಗಳು. ಸ್ವಯಂಸೇವಕಿ ದೊಡ್ಡಮ್ಮನಿಗೆ ಒಂದು ಟ್ವಿಡಲ್‌ಮಫ್ ಕೊಟ್ಟರು. ಎರಡೂ ಕೈ ತೂರಿಸುವಂಥ ಉಣ್ಣೆಯ ತೋಳಚೀಲ ಅದು. ಒಳಗೂ ಹೊರಗೂ ಗುಂಡಿ, ಜಿಪ್, ರಿಬ್ಬನ್ನು, ಮಣಿ. ಸುಮ್ಮನಿರಲಾರದ ಬೆರಳುಗಳಿಗೆ ಕೆಲಸ ಸಿಕ್ಕರೆ ಚಡಪಡಿಕೆ ಇಳಿಯುತ್ತದೆಂದು ಇಲ್ಲಿನ ಹೆಂಗಸರು ಇದನ್ನು ಹೆಣೆದು ಆಸ್ಪತ್ರೆಗಳಿಗೂ ಕೊಡುತ್ತಾರೆ. ಸೀರೆ ಉಟ್ಟಷ್ಟು ಕಾಲ ಸೆರಗಿನ ತುದಿಯೇ ಈ ಕೆಲಸ ಮಾಡುತ್ತಿತ್ತಲ್ಲ ಎಂದುಕೊಂಡೆ. ಈಗ ಅವಳ ಮೈಮೇಲೆ ಪ್ಯಾಂಟು, ಸ್ವೆಟರು.

ದೊಡ್ಡಮ್ಮನಿಗೆ ಗುಂಡಿ, ಜಿಪ್ಪು ಬೇಕಿರಲಿಲ್ಲ. ಅಂಚಿನಲ್ಲಿ ಸಡಿಲವಾಗಿದ್ದ ಉಣ್ಣೆಯೆಳೆಯನ್ನು ಎಳೆಯುತ್ತಾ ಹೋದಳು. ಬಗ್ಗಿ ಬಲಗಾಲ ಶೂ ತೆಗೆದಳು, ಕಾಲುಚೀಲ ತೆಗೆದಳು, ಎಳೆಯ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿದಳು. ಲೋಟದಿಂದ ಡ್ಯಾಫೊಡಿಲ್ ತೆಗೆದು ತೊಟ್ಟು ಗಿಡ್ಡವಾಗಿ ಚಿವುಟಿದಳು. ಒಂದು ಈ ಕಡೆ, ಒಂದು ಆ ಕಡೆ ಇಟ್ಟು, ದಾರ ಸುತ್ತಿ, ಕುಣಿಕೆ ಹಾಕಿ ಜಗ್ಗಿದಳು. ಮಲ್ಲಿಗೆಗೆ ಹಾಕುವ ಗಂಟು! ಆರು ಹೂವಾದ ಮೇಲೆ ಮೊಣಕೈಗೆ ಹಿಡಿದು ಅಳೆದು ಕನ್ನಡದಲ್ಲೇ ಹೇಳಿದಳು: "ಒಂದು ಮೊಳ ಆಗ್ಲಿಲ್ಲ, ಇನ್ನೂ ಹೂವು ತನ್ನಿ." ನಾನು ಅನುವಾದಿಸಿದೆ. ಸ್ವಯಂಸೇವಕಿ ಅಕ್ಕಪಕ್ಕದ ಮೇಜಿನ ಲೋಟಗಳನ್ನೂ ತಂದಿಟ್ಟರು. ಎದುರಿಗಿದ್ದ ಮುದುಕರೊಬ್ಬರು ತೊಟ್ಟು ಚಿವುಟಿ ಚಿವುಟಿ ಕೊಡತೊಡಗಿದರು.

ಆಲ್‌ಝೈಮರ್ ಎಂಬ ಬಗೆಯ ಡಿಮೆನ್ಷಿಯಾ ಶುರುವಿನಲ್ಲೇ ಕೈ ಹಾಕುವುದು ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್‌ಗೆ. ಕೈಗೆ ಕೂತ ಕಸುಬಿನ ನೆನಪು ಮಿದುಳಿನ ಬೇರೆ ಭಾಗಗಳಲ್ಲಿರುವುದರಿಂದ ಹೆಚ್ಚು ಕಾಲ ಉಳಿಯುತ್ತದೆ. ಕೊನೆಗೆ ಕಲಿತ ಭಾಷೆ ಜಾರಿ ತಾಯಿನುಡಿ ಮೇಲೆ ಬರುವುದನ್ನೂ ಎಷ್ಟೋ ಮನೆಗಳು ಕಂಡಿವೆ. ಇದೆಲ್ಲ ಓದಿದ್ದೆ. ಆದರೂ ಇಂಗ್ಲಿಷ್ ಉಣ್ಣೆಯಲ್ಲಿ ಮೈಸೂರಿನ ಗಂಟು ಬೀಳುವುದನ್ನು ಕಂಡ ಮೇಲೆ, ನೆನಪು ಹೆಚ್ಚಿಸುತ್ತೇವೆನ್ನುವ ಮೊಬೈಲ್ ಆಟಗಳ ಮೇಲೆ ನನಗಿದ್ದ ಅಷ್ಟಿಷ್ಟು ನಂಬಿಕೆಯೂ ಹೋಯಿತು.

ಇಂಥ ಕೆಫೆ ಶುರುವಾಗಿದ್ದು 1997ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಗಂಡಹೆಂಡಿರೂ ಪರಸ್ಪರ ಬಾಯಿಬಿಟ್ಟು ಆಡದ ಕಾಯಿಲೆಯಿದು ಎಂದು ಕಂಡುಕೊಂಡ ಮನಶ್ಶಾಸ್ತ್ರಜ್ಞ ಬೆರೆ ಮೀಸೆನ್, ಕಾಫಿ, ಒಂದು ಮಾತುಕತೆ, ಬಿಡುವು, ಪ್ರಶ್ನೋತ್ತರ ಎಂಬ ಸರಳ ಕ್ರಮ ಹಾಕಿಕೊಟ್ಟರು. ಬ್ರಿಟನ್ನಿಗೆ ಅದು 2000ರಲ್ಲಿ ಬಂತು. ಜಪಾನ್ 2004ರಲ್ಲಿ ಕಾಯಿಲೆಯ ಹೆಸರನ್ನೇ ಬದಲಿಸಿತು. ದಡ್ಡತನದ ಅರ್ಥವಿದ್ದ ಹಳೆಯ ಪದ ಬಿಟ್ಟು ‘ನಿಂಚಿಶೋ’ ಎಂದಿತು. 2012ರ ‘ಆರೆಂಜ್ ಪ್ಲ್ಯಾನ್’ ಎಂಬ ಡಿಮೆನ್ಷಿಯಾ ಯೋಜನೆಯಲ್ಲಿ ಕೆಫೆಗಳಿಗೂ ಜಾಗ ಕೊಟ್ಟಿತು. ನಾವಿನ್ನೂ ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಮುಗಿಸುತ್ತೇವೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದು ನಕ್ಕು ಮುಗಿಸುವ ಸಂಖ್ಯೆಯಲ್ಲ, ಆ ಕಾಯಿಲೆ ವಯಸ್ಸಿನ ಸಹಜ ಗುಣವೂ ಅಲ್ಲ.

ಕೆಫೆ ಕಾಯಿಲೆ ವಾಸಿ ಮಾಡುವುದಿಲ್ಲ, ಆದರೆ ಅಲ್ಲಿ ಪರೀಕ್ಷೆಯೂ ಇಲ್ಲ. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯಿರಿ ಎಂದು ಕೇಳುವ ಅಗತ್ಯ ವೈದ್ಯರಿಗಿದೆ. ಮನೆಯವರಿಗೆ, ನೆಂಟರಿಗೆ ಏನಿದೆ? ಆ ಎರಡು ಗಂಟೆಯಲ್ಲಿ ದೊಡ್ಡಮ್ಮನನ್ನು ಯಾರೂ ಏನನ್ನೂ ನೆನಪಿಸಿಕೋ ಎನ್ನಲಿಲ್ಲ. ದೊಡ್ಡಪ್ಪ ಮೂಲೆಯ ಮೇಜಿನಲ್ಲಿ, ಹೆಂಡತಿಯನ್ನು ನೋಡಿಕೊಳ್ಳುವ ಇನ್ನೊಬ್ಬರ ಜೊತೆ ಗ್ಯಾಸ್ ಒಲೆಯ ತಿರುಪು, ರಾತ್ರಿಯ ಬಾಗಿಲ ಚಿಲಕದ ಬಗ್ಗೆ ಮಾತಿಗೆ ಕೂತಿದ್ದರು. ಮಧ್ಯೆ ಏಳಬೇಕಾಗಿ ಬರಲಿಲ್ಲ. ಬಿಸಿ ಆರುವ ಮೊದಲೇ ಒಂದು ಲೋಟ ಚಹಾ ಕುಡಿದು ಮುಗಿಸಿದರು.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡ ಬೇಡ. ಸಮುದಾಯ ಭವನ ಊರೂರಲ್ಲಿದೆ, ಕಾಫಿ ಇದೆ, ಹೂವಂತೂ ಇದೆ. ಕಾಯಿಲೆ ಬಲ್ಲ ಒಬ್ಬರು ತಿಂಗಳಿಗೊಂದು ಮಧ್ಯಾಹ್ನ ಕೊಟ್ಟರೆ ಸಾಕು.

ಮೈಸೂರಿಗೆ ಮರಳಿದ ಮೇಲೆ ಭಾನುವಾರ ವಿಡಿಯೊ ಕಾಲ್ ಮಾಡುತ್ತೇನೆ. ಹೆಸರಿನ ಚೀಟಿಯನ್ನು ಈಗ ನಾನೇ ಮೊದಲು ಮಾತಿನಲ್ಲೇ ಅಂಟಿಸಿಕೊಳ್ಳುತ್ತೇನೆ: "ದೊಡ್ಡಮ್ಮ, ನಾನು ನಿನ್ನ ತಂಗಿ ಮಗಳು, ಮೈಸೂರಿಂದ." ಕೆಲವು ವಾರ "ಗೊತ್ತು ಬಿಡೇ" ಎನ್ನುತ್ತಾಳೆ. ಕೆಲವು ವಾರ ಸುಮ್ಮನೆ ನೋಡುತ್ತಾಳೆ. ಮುಖ ಮಾತ್ರ ಚಿಕ್ಕದಾಗುವುದಿಲ್ಲ.